‘ಎಮರ್ಜೆನ್ಸಿಯಲ್ಲಿ ಭೂಮಿ ಹೋಯಿತು’: ಒಂದು ವಾಕ್ಯದ ಲೆಕ್ಕಪರಿಶೋಧನೆ

ಚೆನ್ನೈಯಲ್ಲಿ ನೆಲೆಸಿರುವ ತುಳುನಾಡಿನ ಜೈನ ಕುಟುಂಬಗಳಲ್ಲಿ ಒಂದು ವಾಕ್ಯ ಅಜ್ಜನಿಂದ ಮೊಮ್ಮಗನವರೆಗೆ ಅಕ್ಷರವೂ ಬದಲಾಗದೆ ಇಳಿದುಬಂದಿದೆ: ‘ಎಮರ್ಜೆನ್ಸಿಯಲ್ಲಿ ಭೂಮಿ ಹೋಯಿತು.’ ದಶಲಕ್ಷಣ ಪರ್ವದ ಪ್ರವಚನ ಮುಗಿದು ಊಟದ ಪಂಕ್ತಿಗೆ ಕುಳಿತಾಗ, ಮದುವೆಯ ಮನೆಯಲ್ಲಿ ಊರಿನ ನೆಂಟರು ಎದುರಾದಾಗ, ಈಗೀಗ ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ, ಈ ಮಾತು ಸಿದ್ಧಾಂತದಂತೆ ಕೇಳಿಬರುತ್ತದೆ. 2024ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ’ವೆಂದು ಘೋಷಿಸಿದ ಮೇಲೆ, ಅದರ ಮರುವರ್ಷವೇ ತುರ್ತು ಪರಿಸ್ಥಿತಿಗೆ ಐವತ್ತು ತುಂಬಿದ ಮೇಲೆ, ಈ ವಾಕ್ಯಕ್ಕೆ ಹೊಸ ಕಸುವು ಬಂದಿದೆ. ಸರ್ವಾಧಿಕಾರವನ್ನು ಖಂಡಿಸುವ ದಿನ ಗೇಣಿ ಭೂಮಿಗಾಗಿ ಮರುಗುವ ದಿನವೂ ಆಗಿಬಿಟ್ಟಿದೆ. ಇವೆರಡೂ ಒಂದೇ ದುಃಖವೆಂದು ಮಕ್ಕಳಿಗೆ ಕಲಿಸಲಾಗುತ್ತಿದೆ.

ಖಾತೆ ಪರಿಶೀಲಿಸಲು ಕುಳಿತವರು ಮೊತ್ತಕ್ಕಿಂತ ಮೊದಲು ವೋಚರಿನ ದಿನಾಂಕವನ್ನು ನೋಡುತ್ತಾರೆ. ಈ ವಾಕ್ಯವನ್ನೂ ಅಲ್ಲಿಂದಲೇ ಆರಂಭಿಸಬೇಕು. ಮೈಸೂರು ಭೂಸುಧಾರಣಾ ಕಾಯ್ದೆ 1961ರದು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗೇಣಿಯ ಭೂಮಿಯನ್ನೆಲ್ಲ ಸರ್ಕಾರದಲ್ಲಿ ನಿಹಿತಗೊಳಿಸಿ ಉಳುವವನಿಗೆ ಅಧಿಭೋಗದ ಹಕ್ಕು ಕೊಟ್ಟ ತಿದ್ದುಪಡಿ 1974ರ ಒಂದನೆಯ ಕಾಯ್ದೆ. ಜಾರಿಯಾದದ್ದು ಆ ವರ್ಷದ ಮಾರ್ಚ್ 1ರಂದು. ಅದನ್ನು ಅಂಗೀಕರಿಸಿದ್ದು ಚುನಾಯಿತ ವಿಧಾನಮಂಡಲ. ವಿರೋಧ ಪಕ್ಷದ ಸದಸ್ಯರು ಆಗ ಸದನದಲ್ಲಿದ್ದರು, ಸೆರೆಮನೆಯಲ್ಲಿ ಅಲ್ಲ. ಪತ್ರಿಕೆಗಳಿಗೆ ಸೆನ್ಸಾರ್ ಇರಲಿಲ್ಲ. ಆ ತಿದ್ದುಪಡಿಯನ್ನು ಸಂವಿಧಾನದ ಒಂಬತ್ತನೆಯ ಅನುಸೂಚಿಗೆ ಸೇರಿಸಿದ್ದೂ 1974ರ ಸೆಪ್ಟೆಂಬರಿನಲ್ಲಿ, ಸಂವಿಧಾನದ 34ನೆಯ ತಿದ್ದುಪಡಿಯ ಮೂಲಕ. ತುರ್ತು ಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ. ಅಂದರೆ ತುಳುನಾಡಿನ ಧಣಿಯ ಗೇಣಿ ಗದ್ದೆ ಕಾನೂನಿನ ಕಣ್ಣಿನಲ್ಲಿ ಅವನ ಕೈಬಿಟ್ಟು ಆಗಲೇ ಹದಿನಾರು ತಿಂಗಳು ಆಗಿತ್ತು.

ಇನ್ನೊಂದು ತುದಿಯ ದಿನಾಂಕವನ್ನೂ ನೋಡಬೇಕು. ತುರ್ತು ಪರಿಸ್ಥಿತಿ ಕೊನೆಗೊಂಡದ್ದು 1977ರ ಮಾರ್ಚ್ 21ರಂದು. ಗೇಣಿದಾರರು ನಮೂನೆ 7ರಲ್ಲಿ, ಊರಿನವರ ಬಾಯಲ್ಲಿ ‘ಡಿಕ್ಲರೇಷನ್’ ಎನಿಸಿದ ಅರ್ಜಿಯನ್ನು, ಸಲ್ಲಿಸಲು ಕೊಟ್ಟ ಕೊನೆಯ ಗಡುವು 1979ರ ಜೂನ್ 30. ನಡುವೆ, 1978ರ ಫೆಬ್ರವರಿಯಲ್ಲಿ, ಯಾವ ನಿರ್ಬಂಧವೂ ಇಲ್ಲದ ಚುನಾವಣೆ ನಡೆಯಿತು. ದೇವರಾಜ ಅರಸು ಅವರಿಗೇ ಮತ್ತೆ ಬಹುಮತ ದೊರೆಯಿತು. ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿದ 1977ರಲ್ಲಿಯೂ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋಗಿದ್ದವು. ಮತದಾರ ಸರ್ವಾಧಿಕಾರವನ್ನು ಮೆಚ್ಚಿ ಹೀಗೆ ಮಾಡಿದನೆಂದು ಹೇಳುವುದು ಸುಲಭ. ಅವನ ಕೈಗೆ ಬಂದ ಆದೇಶಪತ್ರದಲ್ಲಿ ಏನಿತ್ತೆಂದು ಓದುವುದು ಹೆಚ್ಚು ಪ್ರಾಮಾಣಿಕ. ರಾಜ್ಯದಾದ್ಯಂತ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. 5 ಲಕ್ಷದ ಹತ್ತಿರ ಹತ್ತಿರ ಅರ್ಜಿಗಳು ಗೇಣಿದಾರರ ಪರವಾಗಿ ಇತ್ಯರ್ಥವಾದವು.

ಇನ್ನು ಜನತಾ ಸರ್ಕಾರ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಸೆರೆಮನೆ ಸೇರಿದವರು ಅಧಿಕಾರಕ್ಕೆ ಬಂದಾಗ ಸಂವಿಧಾನದ 44ನೆಯ ತಿದ್ದುಪಡಿಯನ್ನು ತಂದರು. ಅದೇ ತಿದ್ದುಪಡಿ ಇನ್ನೊಬ್ಬ ಪ್ರಧಾನಿ ‘ಆಂತರಿಕ ಕ್ಷೋಭೆ’ಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರದಂತೆ ಬಾಗಿಲು ಮುಚ್ಚಿತು, ಅದೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೂ ತೆಗೆದು 300ಎ ವಿಧಿಗೆ ಇಳಿಸಿತು. ಒಂದೇ ಲೇಖನಿ, ಒಂದೇ ಶಾಯಿ. ಸರ್ವಾಧಿಕಾರವನ್ನು ಉರುಳಿಸಿದವರು ಜಮೀನುದಾರಿಕೆಯ ಪಕ್ಷದವರಾಗಿದ್ದರೆಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪ್ರತಿಸಾಕ್ಷ್ಯ ಬೇಕಿಲ್ಲ. ಆದರೂ ಜೂನ್ 25ರ ಸಭೆಗಳಲ್ಲಿ 44ನೆಯ ತಿದ್ದುಪಡಿಯ ಅರ್ಧವನ್ನಷ್ಟೇ ಕೊಂಡಾಡುವ ಪರಿಪಾಠ ಬೆಳೆದಿದೆ.

ಕರ್ನಾಟಕದಲ್ಲಿ ಭೂಮಿಯ ಹೋರಾಟ ಹುಟ್ಟಿದ್ದು ಅಧಿಕಾರದಲ್ಲಿದ್ದವರ ಮನೆಯಲ್ಲಿ ಅಲ್ಲ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಹತ್ತಿಕೊಂಡದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಧಣಿಯ ಕೊಳಗ ದೊಡ್ಡದು ಎಂಬುದು ಒಕ್ಕಲಿನ ದೂರು. ಜೈನ ಓದುಗರಿಗೆ ಈ ಪ್ರಸಂಗದಲ್ಲಿ ಪರಿಚಿತವಾದದ್ದೊಂದು ಇದೆ: ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವೂ ಒಂದು. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದನ್ನು ಉಮಾಸ್ವಾತಿ ಕಳವಿನ ಸಾಲಿಗೆ ಸೇರಿಸಿದ್ದಾರೆ. ಪಾಠಶಾಲೆಯಲ್ಲಿ ಈ ಪದವನ್ನು ಬಾಯಿಪಾಠ ಮಾಡಿಸುವವರು ಅದನ್ನು ಅಂಗಡಿಯ ತಕ್ಕಡಿಗೆ ಅನ್ವಯಿಸುತ್ತಾರೆ. ಗೇಣಿಯ ಮುಡಿ ಅಕ್ಕಿಗೆ ಅನ್ವಯಿಸಿದ ಪ್ರವಚನ ಅಪರೂಪ.

ಕಾಗೋಡಿನ ಆ ಸಮಾಜವಾದಿ ಪರಂಪರೆಯವರೇ 1975ರಲ್ಲಿ ಸೆರೆಮನೆಗಳನ್ನು ತುಂಬಿದವರಲ್ಲಿ ಮುಂದಿನ ಸಾಲಿನವರು. ಜೆ.ಎಚ್. ಪಟೇಲರು ಒಳಗಿದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು. ಅವರ ಸುಳಿವಿಗಾಗಿ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಡಲಾಯಿತು. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡವನ್ನು ಕಟ್ಟಿದವರಲ್ಲೊಬ್ಬರಾದ, ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಆಸ್ತಮಾದಿಂದ ಜರ್ಜರಿತರಾಗಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಎಮರ್ಜೆನ್ಸಿ ನಿಜವಾಗಿ ಕಿತ್ತುಕೊಂಡದ್ದು ಇಂಥದ್ದನ್ನು. ಇವರಲ್ಲಿ ಯಾರೂ ಭೂಸುಧಾರಣೆಯನ್ನು ವಿರೋಧಿಸಿ ಒಳಗೆ ಹೋದವರಲ್ಲ.

ಚೆನ್ನೈಗೆ ಈ ಕಥೆಯಲ್ಲಿ ತನ್ನದೇ ಪಾಲು ಇದೆ. ಇಲ್ಲಿನ ಕನ್ನಡ ಕುಟುಂಬಗಳಿಗೆ ಅದು ಅಷ್ಟಾಗಿ ನೆನಪಿಲ್ಲ. ಡಿಎಂಕೆಯ ಕಾರ್ಯಕಾರಿ ಸಮಿತಿ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಕೂಡಲೇ ನಿರ್ಣಯ ಮಾಡಿತ್ತು. 1976ರ ಜನವರಿ 31ರಂದು ಕರುಣಾನಿಧಿಯವರ ಸರ್ಕಾರವನ್ನು ವಜಾಗೊಳಿಸುವವರೆಗೆ ಬೇರೆ ರಾಜ್ಯಗಳಲ್ಲಿ ಪೊಲೀಸರು ಹುಡುಕುತ್ತಿದ್ದವರಿಗೆ ಮದ್ರಾಸು ಉಸಿರಾಡಲು ಜಾಗವಾಗಿತ್ತು. ವಜಾದ ಬೆನ್ನಿಗೇ ಮಿಸಾ ಬಂಧನಗಳು ಆರಂಭವಾದವು. ಸೆಂಟ್ರಲ್ ರೈಲು ನಿಲ್ದಾಣದ ಸಮೀಪದ ಮದ್ರಾಸ್ ಕೇಂದ್ರ ಕಾರಾಗೃಹದಲ್ಲಿ ಬಂದಿಗಳನ್ನು ಥಳಿಸಲಾಯಿತು; ಮಾಜಿ ಮೇಯರ್ ಚಿಟ್ಟಿಬಾಬು ಆ ಬಳಿಕ ಬದುಕಿ ಉಳಿಯಲಿಲ್ಲ; ನ್ಯಾಯಮೂರ್ತಿ ಎಂ.ಎಂ. ಇಸ್ಮಾಯಿಲ್ ಆಯೋಗ ಮುಂದೆ ಇದರ ವಿಚಾರಣೆ ನಡೆಸಿತು. ಮಂಗಳೂರು ಮೇಲಿನಲ್ಲಿ ಬಂದು ಸೆಂಟ್ರಲ್‌ನಲ್ಲಿ ಇಳಿದು ಕೆಲಸ ಹುಡುಕಲು ಹೊರಟ ತುಳುನಾಡಿನ ಯುವಕರು ಆ ಗೋಡೆಯ ಪಕ್ಕದಲ್ಲೇ ನಡೆದು ಹೋಗಿರಬೇಕು. ಜೈಲು ಪುಳಲ್‌ಗೆ ಹೋಗಿ, ಹಳೆಯ ಕಟ್ಟಡವನ್ನು 2009ರಲ್ಲಿ ಕೆಡವಿ, ಆ ನೆಲ ಈಗ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದೆ.

ಹಾಗಾದರೆ ‘ಎಮರ್ಜೆನ್ಸಿಯಲ್ಲಿ ಭೂಮಿ ಹೋಯಿತು’ ಎಂಬ ವಾಕ್ಯ ಬರಿಯ ಸುಳ್ಳೇ? ಅಷ್ಟು ಸರಳವಾಗಿ ಅದನ್ನು ತಳ್ಳಿಹಾಕಲಾಗದು. ಕಾಯ್ದೆ ಮೊದಲಿನದಾದರೂ ಭೂನ್ಯಾಯಮಂಡಳಿಗಳು ಭರದಿಂದ ಆದೇಶ ಹೊರಡಿಸಿದ್ದು 1975ರಿಂದ 1977ರ ನಡುವೆ. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅದಕ್ಕೆ ಒಳ್ಳೆಯ ಕಾರಣವೇ ಇತ್ತು: ವಕೀಲರನ್ನು ಗೊತ್ತುಮಾಡುವ ಶಕ್ತಿ ಧಣಿಗಿತ್ತು, ಒಕ್ಕಲಿಗೆ ಇರಲಿಲ್ಲ. ಆದರೆ ಮೇಲ್ಮನವಿಗೂ ಅವಕಾಶವಿರಲಿಲ್ಲ. ಉಳಿದಿದ್ದ ದಾರಿ ಹೈಕೋರ್ಟಿನ ರಿಟ್ ಒಂದೇ, ಅದನ್ನೂ 42ನೆಯ ತಿದ್ದುಪಡಿ ಮೊಟಕು ಮಾಡಿತು. ಪತ್ರಿಕೆಗಳು ಸೆನ್ಸಾರಿನಡಿ. ಯಾವುದೋ ತಾಲ್ಲೂಕಿನ ಮಂಡಳಿ ಯಾರದೋ ಮಾತು ಕೇಳಿ ತಪ್ಪು ಆದೇಶ ಮಾಡಿದರೆ ಅದನ್ನು ಎತ್ತಿ ಹೇಳುವ ಶಾಸಕನಾಗಲಿ ಸಂಪಾದಕನಾಗಲಿ ಹೊರಗಿರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದು, ವಕೀಲರ ಮೇಲಿನ ನಿರ್ಬಂಧವನ್ನು ಮಾತ್ರ ರದ್ದುಪಡಿಸಿತು. ಆ ಹೊತ್ತಿಗೆ ಬಹುಪಾಲು ಕಡತಗಳು ಮುಚ್ಚಿಹೋಗಿದ್ದವು.

ಇದರ ಪೆಟ್ಟು ಬಿದ್ದದ್ದು ಯಾರಿಗೆ? ಸಮಾಜದ ಸಭೆಗಳಲ್ಲಿ ಗಟ್ಟಿಯಾಗಿ ಮಾತಾಡುವ ದೊಡ್ಡ ಮನೆತನಗಳಿಗೆ ಅಷ್ಟಾಗಿ ಅಲ್ಲ. ಅವರಲ್ಲಿ ಅನೇಕರು ಕಾಯ್ದೆ ಬರುವ ಸುಳಿವು ಸಿಕ್ಕಿದಾಗಲೇ ಪಾಲುಪಟ್ಟಿ ಮಾಡಿಕೊಂಡಿದ್ದರು, ಒಕ್ಕಲಿನಿಂದ ‘ಸ್ವ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆಸಿಕೊಂಡಿದ್ದರು, ಅಡಿಕೆ ತೋಟವನ್ನು ಸ್ವಂತ ಸಾಗುವಳಿಯಲ್ಲಿ ಉಳಿಸಿಕೊಂಡಿದ್ದರು. ಪೆಟ್ಟು ಬಿದ್ದದ್ದು ಎರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಜೀವನ ನಡೆಸುತ್ತಿದ್ದ ವಿಧವೆಗೆ. 1961ರ ಮೂಲ ಕಾಯ್ದೆಯಲ್ಲಿ ವಿಧವೆಯರಿಗೂ ಅಪ್ರಾಪ್ತರಿಗೂ ಇದ್ದ ರಿಯಾಯಿತಿಯನ್ನು 1974ರ ತಿದ್ದುಪಡಿ ತೆಗೆದುಹಾಕಿ ಸೈನಿಕರಿಗೂ ನಾವಿಕರಿಗೂ ಮಾತ್ರ ಉಳಿಸಿತು. ತಾನೇ ಉಳುವ ಶಕ್ತಿ ಇಲ್ಲದ್ದರಿಂದಲೇ ಗೇಣಿಗೆ ಕೊಟ್ಟವಳನ್ನು ನೂರು ಮುಡಿ ಗೇಣಿ ಎತ್ತುವ ಧಣಿಯ ಜೊತೆಗೆ ಒಂದೇ ತಕ್ಕಡಿಯಲ್ಲಿ ಇಟ್ಟದ್ದು ಕಾಯ್ದೆಯ ನಿಜವಾದ ಕುಂದು.

ತುಳುನಾಡಿನ ಜೈನರ ವಿಷಯದಲ್ಲಿ ಈ ಕುಂದು ಇನ್ನಷ್ಟು ಆಳವಾದದ್ದು. ಪುರೋಹಿತ ವರ್ಗದ ಇಂದ್ರರನ್ನು ಬಿಟ್ಟರೆ ಇಲ್ಲಿನ ಜೈನರು ಅಳಿಯಸಂತಾನದವರು. ಆಸ್ತಿ ಹೆಣ್ಣಿನ ಕವರಿನಲ್ಲಿ ಇಳಿಯುವಂಥದ್ದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಅದನ್ನು ಕಾನೂನಿನಲ್ಲಿ ನೆಲೆಗೊಳಿಸಿತ್ತು. ಆದರೆ ಕಡತದಲ್ಲಿ ಹೆಸರು ಯಜಮಾನನದು. ನೋಟಿಸು ಅವನಿಗೆ, ಹೇಳಿಕೆ ಅವನದು, ಒಕ್ಕಲಿನೊಡನೆ ರಾಜಿಯೂ ಅವನದೇ, ಪರಿಹಾರದ ಕಾಗದವೂ ಅವನ ಕೈಗೇ. ಮನೆಯಲ್ಲಿದ್ದ ಅಕ್ಕ ತಂಗಿಯರಿಗೆ, ಅವರ ಮಕ್ಕಳಿಗೆ, ಯಾವ ಗದ್ದೆ ಯಾವ ಆದೇಶದಲ್ಲಿ ಹೋಯಿತೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕೆಲವರಿಗೆ ಇಂದಿಗೂ ತಿಳಿದಿಲ್ಲ. ‘ಭೂಮಿ ಹೋಯಿತು’ ಎಂದು ಯಜಮಾನ ಹೇಳಿದಾಗ ಅದರಲ್ಲಿ ಸರ್ಕಾರ ತೆಗೆದುಕೊಂಡದ್ದೆಷ್ಟು, ಯಜಮಾನನೇ ಮಾರಿಕೊಂಡದ್ದೆಷ್ಟು ಎಂದು ಕೇಳುವ ಧೈರ್ಯ ಆ ಮನೆಗಳ ಹೆಂಗಸರಿಗೆ ಇರಲಿಲ್ಲ. ಚೆನ್ನೈಯ ಫ್ಲ್ಯಾಟುಗಳಲ್ಲಿ ಕುಳಿತು ಎಮರ್ಜೆನ್ಸಿಯನ್ನು ಶಪಿಸುವ ಕುಟುಂಬಗಳು ಮೊದಲು ತಮ್ಮ ಮನೆಯ ಹಿರಿಯ ಹೆಂಗಸರನ್ನು ಈ ಬಗ್ಗೆ ಕೇಳಿ ನೋಡಲಿ.

ಬಸದಿಗಳ ಕಥೆಯೂ ಹೀಗೇ ಬಿಡಿಸಿ ನೋಡಬೇಕಾದದ್ದು. ಗೇಣಿಯ ಅಕ್ಕಿ ನಿಂತುಹೋದದ್ದರಿಂದ ಹಳ್ಳಿಯ ಬಸದಿಗಳಲ್ಲಿ ನಿತ್ಯಪೂಜೆಗೂ ಕಷ್ಟವಾಯಿತು ಎಂಬುದು ನಿಜ. ಆದರೆ ಕಾಯ್ದೆ ಧಾರ್ಮಿಕ ಸಂಸ್ಥೆಗಳಿಗೆ ಪರಿಹಾರವನ್ನು ವರ್ಷಾಶನದ ರೂಪದಲ್ಲಿ ಕೊಟ್ಟಿತ್ತು. ಕಷ್ಟ ಹುಟ್ಟಿದ್ದು ಆ ವರ್ಷಾಶನ ರೂಪಾಯಿಯಲ್ಲಿ ಗೊತ್ತಾದದ್ದರಿಂದ. ಅಕ್ಕಿಯ ಗೇಣಿ ಬೆಲೆಯೊಂದಿಗೆ ತಾನಾಗಿಯೇ ಏರುತ್ತಿತ್ತು. 1970ರ ದಶಕದ ರೂಪಾಯಿ ಏರಲಾರದು. ದೀಪದ ಎಣ್ಣೆಯ ಬೆಲೆ ಹತ್ತಾರು ಪಟ್ಟು ಹೆಚ್ಚಿದರೂ ವರ್ಷಾಶನದ ಮೂಲ ಲೆಕ್ಕ ಹಾಗೆಯೇ ಕುಳಿತಿದ್ದರೆ ಪೂಜೆ ನಿಲ್ಲುವುದರಲ್ಲಿ ಆಶ್ಚರ್ಯವೇನು? ಇದು ಬೆಲೆ ಸೂಚ್ಯಂಕಕ್ಕೆ ಜೋಡಿಸಿ ಸರಿಪಡಿಸಬಹುದಾದ ಲೆಕ್ಕದ ದೋಷ. ಇದಕ್ಕಾಗಿ ಸಂಘಟಿತವಾಗಿ ಸರ್ಕಾರದ ಬಾಗಿಲು ತಟ್ಟುವ ಬದಲು ‘ಒಕ್ಕಲುಗಳು ಬಸದಿಯ ಭೂಮಿ ನುಂಗಿದರು’ ಎಂಬ ಮಾತನ್ನು ಹಬ್ಬಿಸುವುದು ಸುಲಭವೆನಿಸಿದೆ. ಆ ಒಕ್ಕಲಿನ ಮೊಮ್ಮಕ್ಕಳು ಇಂದಿಗೂ ಅದೇ ಬಸದಿಯ ನೆರೆಯವರು ಎಂಬುದು ದೂರದ ಊರಿನಿಂದ ಮಾತಾಡುವವರಿಗೆ ಕಾಣುವುದಿಲ್ಲ.

ಧಾರ್ಮಿಕ ಸಂಸ್ಥೆಯ ಭೂಮಿ, ಸರ್ವಾಧಿಕಾರದ ವಿರುದ್ಧದ ಕ್ರಾಂತಿ, ಇವೆರಡೂ ಒಂದೆಡೆ ಸೇರಿದ ಉದಾಹರಣೆ ಬಿಹಾರದ ಬೋಧಗಯೆಯಲ್ಲಿದೆ. ಜಯಪ್ರಕಾಶ ನಾರಾಯಣರು 1974ರ ಜೂನ್ 5ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ‘ಸಂಪೂರ್ಣ ಕ್ರಾಂತಿ’ಯ ಕರೆ ಕೊಟ್ಟಾಗ ಅವರ ಹಿಂದೆ ಎರಡು ದಶಕಗಳ ಭೂದಾನದ ಅನುಭವವಿತ್ತು. ಅವರ ಪ್ರೇರಣೆಯಿಂದ ಹುಟ್ಟಿದ ಛಾತ್ರ ಯುವ ಸಂಘರ್ಷ ವಾಹಿನಿಯ ಯುವಕ ಯುವತಿಯರು ತುರ್ತು ಪರಿಸ್ಥಿತಿ ಮುಗಿದ ಮೇಲೆ ಮನೆಗೆ ಹೋಗಿ ಕುಳಿತುಕೊಳ್ಳಲಿಲ್ಲ. 1978ರಿಂದ ಅವರು ಬೋಧಗಯೆಯ ಶೈವ ಮಠ ಹಲವು ಹೆಸರುಗಳಲ್ಲಿ ಹಿಡಿದಿಟ್ಟುಕೊಂಡಿದ್ದ ಸಾವಿರಾರು ಎಕರೆ ಭೂಮಿಯನ್ನು ಉಳುವ ಭೂಹೀನರಿಗೆ ಕೊಡಿಸಲು ಅಹಿಂಸಾತ್ಮಕವಾಗಿ ಹೋರಾಡಿದರು. ಹಂಚಿಕೆಯ ಹೊತ್ತಿಗೆ ಅಲ್ಲಿನ ಹೆಂಗಸರು ಪಟ್ಟೆ ತಮ್ಮ ಹೆಸರಿಗೂ ಆಗಬೇಕೆಂದು ಹಟ ಹಿಡಿದು ಪಡೆದರು. ಅವರ ಮಟ್ಟಿಗೆ ಸರ್ವಾಧಿಕಾರ ದಿಲ್ಲಿಯಲ್ಲಿ ಮಾತ್ರ ಇರಲಿಲ್ಲ.

ಹೊರದೇಶದ ಒಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ಲೆಕ್ಕ ಬಲ್ಲವರಿಗೆ ಒಳ್ಳೆಯ ಪಾಠ. ಫಿಲಿಪೀನ್ಸ್‌ನ ಫರ್ಡಿನಾಂಡ್ ಮಾರ್ಕೋಸ್ 1972ರ ಸೆಪ್ಟೆಂಬರಿನಲ್ಲಿ ಸೈನಿಕ ಆಡಳಿತ ಹೇರಿ, ಒಂದೇ ತಿಂಗಳಲ್ಲಿ ಭೂಸುಧಾರಣೆಯ ಆಜ್ಞೆ ಹೊರಡಿಸಿದ. ಅದು ಭತ್ತ ಮತ್ತು ಜೋಳದ ಭೂಮಿಗೆ ಮಾತ್ರ; ಕಬ್ಬಿನ ಮತ್ತು ತೆಂಗಿನ ದೊಡ್ಡ ಎಸ್ಟೇಟುಗಳು ಹೊರಗುಳಿದವು. 1986ರ ಫೆಬ್ರವರಿಯಲ್ಲಿ ಜನ ಬೀದಿಗಿಳಿದು ಅವನನ್ನು ಓಡಿಸಿದರು. ಕೊರಾಜೋನ್ ಅಕ್ವಿನೊ ಅಧ್ಯಕ್ಷೆಯಾದರು. ಮರುವರ್ಷ ಜನವರಿ 22ರಂದು ಭೂಮಿ ಕೇಳಲು ಮನಿಲಾದ ಮೆಂಡಿಯೋಲಾ ಸೇತುವೆಗೆ ಬಂದ ರೈತರ ಮೇಲೆ ಗುಂಡು ಹಾರಿತು. 13 ಮಂದಿ ಸತ್ತರು. 1988ರಲ್ಲಿ ಸಮಗ್ರ ಭೂಸುಧಾರಣಾ ಕಾಯ್ದೆ ಬಂದಿತು, ಆದರೆ ಅದರಲ್ಲಿ ಒಂದು ಕಿಂಡಿ ಇತ್ತು: ಕಂಪನಿಯ ಒಡೆತನದ ಎಸ್ಟೇಟಾದರೆ ಭೂಮಿಯ ಬದಲು ಕೆಲಸಗಾರರಿಗೆ ಶೇರು ಕೊಟ್ಟರೂ ಸಾಕು. ಅಧ್ಯಕ್ಷೆಯ ತವರು ಮನೆಯ 6,453 ಹೆಕ್ಟೇರಿನ ಹಸಿಯೆಂಡಾ ಲುಯಿಸಿಟಾ ಆ ಕಿಂಡಿಯಲ್ಲಿ ನುಸುಳಿತು. ಕೆಲಸಗಾರರಿಗೆ ಮೂರನೆಯ ಒಂದು ಭಾಗದಷ್ಟು ಶೇರು, ಅದೂ 30 ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ. ಮೂರನೆಯ ಎರಡು ಭಾಗ ಇರುವವನ ಕೈಯಲ್ಲಿ ಕಂಪನಿಯ ಹಿಡಿತವಿರುತ್ತದೆಂದು ತಿಳಿಯಲು ದೊಡ್ಡ ಪರೀಕ್ಷೆ ಪಾಸಾಗಬೇಕಿಲ್ಲ. ಆ ಏರ್ಪಾಡನ್ನು ರದ್ದುಮಾಡಿ ಭೂಮಿ ಹಂಚಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಅಂತಿಮಗೊಂಡದ್ದು 2012ರಲ್ಲಿ. ಸರ್ವಾಧಿಕಾರಿ ಹೋದ ಮಾತ್ರಕ್ಕೆ ಭೂಮಿ ಉಳುವವನಿಗೆ ಬರುವುದಿಲ್ಲ. ಸರ್ವಾಧಿಕಾರಿ ಆಜ್ಞೆ ಹೊರಡಿಸಿದ ಮಾತ್ರಕ್ಕೂ ಬರುವುದಿಲ್ಲ. ಕರ್ನಾಟಕದಲ್ಲಿ ಬಂದದ್ದು ಕಾಗೋಡಿನಿಂದ 1974ರವರೆಗಿನ ಇಪ್ಪತ್ತಮೂರು ವರ್ಷಗಳ ರಾಜಕೀಯದಿಂದ.

‘ಜೈನರ ಭೂಮಿ’ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಬೆಳಗಾವಿ, ಚಿಕ್ಕೋಡಿ, ಅಥಣಿ ಕಡೆಯ ಚತುರ್ಥ ಜೈನರು ಉಳುವವರು. ಕೊಲ್ಹಾಪುರ, ಸಾಂಗ್ಲಿಗಳ ಕನ್ನಡ ಹಾಗೂ ಮರಾಠಿ ಮಾತಾಡುವ ಜೈನ ರೈತರಲ್ಲಿ ಗೇಣಿದಾರರಾಗಿದ್ದವರಿಗೆ ಮುಂಬಯಿ ಗೇಣಿ ಕಾಯ್ದೆಯ 1957ರ ಏಪ್ರಿಲ್ 1, ‘ಉಳುವವರ ದಿನ’, ಲಾಭದ ದಿನ. ತಿಂಡಿವನಂ, ವಂದವಾಸಿ ಸುತ್ತಲಿನ ತಮಿಳು ಜೈನರು, ಚೆನ್ನೈಯ ಕನ್ನಡ ಜೈನರು ಬಸದಿಯಲ್ಲಿ ದಿನವೂ ಭೇಟಿಯಾಗುವ ನಯಿನಾರರು, ಬಹುಮಟ್ಟಿಗೆ ಕೃಷಿಕರೇ. ಇವರ ಪೈಕಿ ಯಾರೂ ‘ಎಮರ್ಜೆನ್ಸಿಯಲ್ಲಿ ಭೂಮಿ ಹೋಯಿತು’ ಎನ್ನುವುದಿಲ್ಲ. ಎರಡು ಮೂರು ತಾಲ್ಲೂಕುಗಳ ಕೆಲವು ಮನೆತನಗಳ ಅನುಭವ ಇಡೀ ಸಮಾಜದ ಇತಿಹಾಸವಾದದ್ದು ಹೇಗೆಂದರೆ, ಇಂಗ್ಲಿಷ್ ಕಲಿತು ಪಟ್ಟಣ ಸೇರಿ ಸಂಘ ಕಟ್ಟಿ ಸ್ಮರಣಸಂಚಿಕೆ ತಂದವರು ಅವರೇ. ಭೂಮಿ ಹೋದ ಮನೆಯ ಮಕ್ಕಳು ಬ್ಯಾಂಕು, ಎಲ್‌ಐಸಿ, ವೈದ್ಯಕೀಯ, ಇಂಜಿನಿಯರಿಂಗ್ ಹಿಡಿದು ಒಂದೇ ತಲೆಮಾರಿನಲ್ಲಿ ಮೇಲೆ ಬಂದರು. ಅದು ಅವರ ಶ್ರಮ, ಸಂದೇಹವಿಲ್ಲ. ಆದರೆ ಗೇಣಿಯ ಅಕ್ಕಿಯಿಂದಲೇ ಹಿಂದಿನ ತಲೆಮಾರು ಶಾಲೆ ಕಂಡಿತ್ತು ಎಂಬುದೂ ಅದೇ ಖಾತೆಯ ಇನ್ನೊಂದು ಕಡೆಯ ನಮೂದು. ಗೇಣಿದಾರನೂ ಅಲ್ಲದ ಮೂಲದಾಳು, ಹತ್ತಾರು ತಲೆಮಾರು ಅದೇ ಗದ್ದೆಯಲ್ಲಿ ದುಡಿದರೂ ಡಿಕ್ಲರೇಷನ್ ಹಾಕಲು ಅರ್ಹನಾಗದೆ, ಬಹಳವೆಂದರೆ ಗುಡಿಸಲಿನ ಅಡಿಯ ಜಾಗ ಪಡೆದು ಸುಮ್ಮನಾದ. ಅವನ ಮಕ್ಕಳು ಯಾವ ಸ್ಮರಣಸಂಚಿಕೆಯಲ್ಲೂ ಇಲ್ಲ.

ಈಗ ಈ ಹಳೆಯ ವಾಕ್ಯದ ಜೊತೆಗೆ ಹೊಸದೊಂದು ಕೇಳಿಬರತೊಡಗಿದೆ: ‘ಭೂಮಿ ಮರಳಿ ಬಂತು.’ ಕಾರಣ 79ಎ ಮತ್ತು 79ಬಿ ಕಲಮುಗಳ ರದ್ದತಿ. ಕೃಷಿಯೇತರ ಆದಾಯ ನಿಗದಿತ ಮಿತಿ ಮೀರಿದವರು ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳುವಂತಿರಲಿಲ್ಲ. ಆ ಮಿತಿ ಬಹುಕಾಲ 2 ಲಕ್ಷ ರೂಪಾಯಿ ಇದ್ದು, 2015ರಲ್ಲಿ 25 ಲಕ್ಷಕ್ಕೆ ಏರಿ, 2020ರ ತಿದ್ದುಪಡಿಯಲ್ಲಿ ಕಲಮುಗಳೇ ಹೋದವು. ಚೆನ್ನೈಯ ಐಟಿ ಕಾರಿಡಾರಿನಲ್ಲಿ ದುಡಿಯುವ ಮೂರನೆಯ ತಲೆಮಾರು ಈಗ ಕಾರ್ಕಳ, ಬೆಳ್ತಂಗಡಿಗಳಲ್ಲಿ ತೋಟ ನೋಡುತ್ತಿದೆ. ಪೂರ್ಣ ಬೆಲೆ ಕೊಟ್ಟು ಕೊಳ್ಳುವುದು ನ್ಯಾಯವಾದ ವ್ಯವಹಾರ, ಅದಕ್ಕೆ ಯಾರ ಆಕ್ಷೇಪವೂ ಬೇಡ. ಮಾರುವವನು ಅಂದಿನ ಒಕ್ಕಲಿನ ಮೊಮ್ಮಗನಾಗಿದ್ದು, ಮಗಳ ಓದಿಗೋ ಆಸ್ಪತ್ರೆಯ ಖರ್ಚಿಗೋ ಮಾರುತ್ತಿದ್ದರೆ, ಅದನ್ನು ‘ಮರಳಿ ಬಂತು’ ಎಂದು ಕರೆಯುವುದು ಮಾತ್ರ ಲೆಕ್ಕವನ್ನು ತಿರುಚಿದಂತೆ. ಪರಿಗ್ರಹ ಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿ ‘ಕ್ಷೇತ್ರ’ದಿಂದ, ಅಂದರೆ ಹೊಲಗದ್ದೆಯಿಂದಲೇ, ಆರಂಭವಾಗುತ್ತದೆ; ಬೆಳ್ಳಿ ಬಂಗಾರ ಅದರ ನಂತರದ್ದು. ಸರ್ಕಾರ ಮಿತಿ ತೆಗೆದಾಗಲೂ ಶ್ರಾವಕನಿಗೆ ಆ ಪಟ್ಟಿ ಹಾಗೆಯೇ ಇದೆ. ಎಷ್ಟು ಎಕರೆ ಎಂಬುದನ್ನು ಬರೆದಿಟ್ಟು ಮುನಿಗಳ ಮುಂದೆ ನಿಯಮ ತೆಗೆದುಕೊಳ್ಳುವ ಪದ್ಧತಿ ಊರಿನ ಕೆಲವು ಹಿರಿಯರಲ್ಲಿ ಇನ್ನೂ ಇದೆ. ಕಾರಿಡಾರಿನ ಯುವಕರೂ ನೋಂದಣಿ ಕಚೇರಿಗೆ ಹೋಗುವ ಮುನ್ನ ಅದನ್ನು ಮಾಡಬಹುದು.

ಚೆನ್ನೈಯ ಕುಟುಂಬಗಳಿಗೆ ಬೇರೆ ಯಾರಿಗೂ ಇಲ್ಲದ ಒಂದು ಅನುಕೂಲವಿದೆ. ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡೂ ಸೇರಿ, 1956ರ ಅಕ್ಟೋಬರ್ ಕೊನೆಯವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಆಡಳಿತದಲ್ಲಿತ್ತು. ಆ ಕಾಲದ ಜಿಲ್ಲಾ ದಾಖಲೆಗಳು ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಭೂಮಿ ಯಾರದಾಗಿತ್ತು, ಯಾವಾಗ ಯಾರ ಹೆಸರಿಗೆ ವರ್ಗವಾಯಿತು, ವರ್ಗದಾರನಾಗುವ ಮೊದಲು ಅದನ್ನು ಯಾರು ಉಳುತ್ತಿದ್ದರು ಎಂಬ ಪ್ರಶ್ನೆಗಳಿಗೆ ವಾಟ್ಸಾಪಿನ ಉತ್ತರಕ್ಕಿಂತ ಅಲ್ಲಿನ ಉತ್ತರ ಮೇಲು. ಜೊತೆಗೆ, ಪ್ರತಿ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲೂ ಭೂನ್ಯಾಯಮಂಡಳಿಯ ಆದೇಶದ ಪ್ರತಿ, ಗೇಣಿ ಚೀಟಿ, ಗೇಣಿ ಲೆಕ್ಕದ ಉದ್ದನೆಯ ಪುಸ್ತಕ, ಪರಿಹಾರದ ಕಾಗದ ಇರುತ್ತವೆ. ಅವು ಗೆದ್ದಲಿಗೆ ಹೋಗುವ ಮೊದಲು ಸ್ಕ್ಯಾನ್ ಮಾಡಿಸಿ, ಆದೇಶದ ದಿನಾಂಕ, ಸರ್ವೆ ನಂಬರು, ಗೇಣಿಯ ಪ್ರಮಾಣ, ಒಕ್ಕಲಿನ ಹೆಸರು, ಮನೆಯ ಹೆಂಗಸರ ಪಾಲು ಇಷ್ಟನ್ನು ಒಂದು ತಃಖ್ತೆಯಲ್ಲಿ ತುಂಬಿದರೆ ಸಾಕು. ಐವತ್ತು ಮನೆಗಳು ಇದನ್ನು ಮಾಡಿದರೂ, ಎಷ್ಟು ಭೂಮಿ ಮಂಡಳಿಯ ಆದೇಶದಲ್ಲಿ ಹೋಯಿತು, ಎಷ್ಟು ಎಮರ್ಜೆನ್ಸಿಗೆ ಮುಂಚೆ ಅಥವಾ ನಂತರ ಹೋಯಿತು, ಎಷ್ಟು ಮನೆಯವರೇ ಮಾರಿದ್ದು ಎಂಬುದು ಮುಂದಿನ ಜೂನ್ 25ರ ಹೊತ್ತಿಗೆ ಮೇಜಿನ ಮೇಲಿರುತ್ತದೆ. ಆ ಸಭೆಗೆ ಊರಿನಿಂದ ಬರಮಾಡಿಕೊಳ್ಳುವ ಅತಿಥಿಗಳಲ್ಲಿ ಒಬ್ಬರಾದರೂ ಆ ತಃಖ್ತೆಯ ‘ಒಕ್ಕಲಿನ ಹೆಸರು’ ಎಂಬ ಕಾಲಮಿನ ಮನೆಯವರಾಗಿರಲಿ.